ಒಂಬತ್ತು ವರ್ಷದ ಕೋಟು

ಬಸ್ಸಿನ ಮುಂಬಾಗಿಲ ಪಕ್ಕದ ಕಂಬಕ್ಕೆ ಒಂದು ಕೆಂಪು ಗೆರೆ ಬಳಿದಿದ್ದರು. ಗೆರೆಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ. ಗೆರೆ ದಾಟಿದವರಿಗೆ ಹತ್ತು ವರ್ಷ ತುಂಬುವವರೆಗೆ ಅರ್ಧ ಟಿಕೆಟ್, ಆಮೇಲೆ ಪೂರ್ತಿ. ನಿಯಮ ಇಷ್ಟೇ. ಅದನ್ನು ತಪ್ಪಿಸಿಕೊಳ್ಳಲು ತಾಯಂದಿರು ಮಾಡುವ ಕಸರತ್ತು ಮಾತ್ರ ಅಷ್ಟಿಷ್ಟಲ್ಲ. ಕಂಬದ ಹತ್ತಿರ ಬಂದ ಕೂಡಲೇ ಮೊಣಕಾಲು ಬಗ್ಗಿಸಲು ಕಲಿತ ಮಕ್ಕಳಿದ್ದವು. ಮೀಸೆ ಚಿಗುರಿದ ಹುಡುಗರು ಒಂಬತ್ತರಲ್ಲೇ ಠಿಕಾಣಿ ಹೂಡಿದ್ದರು. ಆದರೆ ಕಂಡಕ್ಟರಮ್ಮನ ಕಿವಿಯ ಮೇಲೆ ಹೂವಿಡುವುದು ಸುಲಭವಲ್ಲ. "ಹೋದ ವರ್ಷವೂ ಒಂಬತ್ತೇ ಅಂದಿದ್ರಲ್ಲಮ್ಮ, ಮಗು ಹುಟ್ಟುಹಬ್ಬ ಮಾಡ್ಕೊಳ್ಳೋದು ಬಿಟ್ಟಿದೆಯಾ?" ಎನ್ನುತ್ತ ಪೂರ್ತಿ ಟಿಕೆಟ್ ಹರಿದು ಕೈಗಿಡುತ್ತಿದ್ದಳು.

ಅಂಥವಳು ಈಚೆಗೆ ಯಾರು ಒಂಬತ್ತು ಎಂದರೂ ನಂಬತೊಡಗಿದ್ದಳು. ನಂಬಿದ್ದಷ್ಟೇ ಅಲ್ಲ, ಹೆಣ್ಣುಮಕ್ಕಳಾದರೆ ಕಂಬಕ್ಕೆ ಒರಗಿಸಿ, ತಲೆಯ ಮೇಲೆ ಅಂಗೈ ಇಟ್ಟು, ಗೆರೆಯಿಂದ ಎಷ್ಟು ಮೇಲಿದ್ದಾರೆ ಎಂದು ಬೆರಳಲ್ಲಿ ಅಳೆದು ನೋಡುತ್ತಿದ್ದಳು.

ಇದಕ್ಕೆಲ್ಲ ಕಾರಣ ಅವಳ ಮೊಬೈಲಿನೊಳಗಿದ್ದ ಒಂದು ನೀಲಿ ಉಣ್ಣೆಯ ಕೋಟು. ಎರಡು ದೊಡ್ಡ ಜೇಬುಗಳಿದ್ದ ಕೋಟು. ಮಾರುವವರು ಯಾವುದೋ ಪರದೇಶದವರು. ಕಳಿಸಬೇಕಾದ್ದು ಇನ್ನೊಂದು ಪರದೇಶದಲ್ಲಿರುವ ಅವಳ ತಮ್ಮನ ಮನೆಗೆ, ತಮ್ಮನ ಮಗಳಿಗೆ. ಬಟ್ಟೆ ಗೊತ್ತಾಗಿತ್ತು, ಬಣ್ಣ ಗೊತ್ತಾಗಿತ್ತು, ವಿಳಾಸವೂ ಗೊತ್ತಿತ್ತು. ಸೈಜ್ ಒಂದು ಗೊತ್ತಿರಲಿಲ್ಲ.

ಹೆತ್ತ ತಾಯಿ ತೀರಿಕೊಂಡಾಗ ಆ ಮಗು ಇನ್ನೂ ಅಂಬೆಗಾಲು ಇಟ್ಟಿರಲಿಲ್ಲ. ಅಲ್ಲಿಂದ ಐದು ವರ್ಷ ತುಂಬುವವರೆಗೆ ಬೆಳೆದದ್ದು ಅತ್ತೆಯ ಸೊಂಟದ ಮೇಲೆ, ಅತ್ತೆಯ ಬಸ್ಸಿನಲ್ಲಿ. ಡ್ರೈವರಣ್ಣನ ಹಿಂದಿನ ಸೀಟಿನಲ್ಲಿ ಕೂತು, ಅತ್ತೆ ಕೊಟ್ಟ ಚಿಲ್ಲರೆಯನ್ನು ಫ್ರಾಕಿನ ಜೇಬಿಗೆ ತುಂಬಿಕೊಂಡು, ಕೇಳಿದವರಿಗೆಲ್ಲ "ಚಿಲ್ಲರೆ ಇಲ್ಲ" ಎಂದು ಗದರುತ್ತಿತ್ತು. ಹಾಗಾಗಿ ಅದಕ್ಕೆ ಚಿಲ್ಲರೆ ಎಂದೇ ಹೆಸರು ಬಿತ್ತು. ದಿನ ಬೆಳಗಾದರೆ ಕಂಬಕ್ಕೆ ಒರಗಿ, "ಅತ್ತೆ, ಗೆರೆ ಮುಟ್ಟಿದ್ನಾ?" ಎಂದು ಕೇಳುವುದು. "ಇನ್ನೂ ಇಲ್ಲ. ದಾಟಿದ ದಿನ ನಿನಗೆ ನಾನೇ ಟಿಕೆಟ್ ಹರಿದು ಕೊಡ್ತೀನಿ" ಎಂದು ಅತ್ತೆ ಹೇಳುವುದು. ತಮ್ಮ ಮರುಮದುವೆಯಾಗಿ ಮಗಳನ್ನು ಕರೆದುಕೊಂಡು ಹೋದ ದಿನ ಗೆರೆಗೆ ಒಂದು ಬೆರಳು ಬಾಕಿಯಿತ್ತು.

"ಹೊಸ ಅಮ್ಮನಿಗೆ ಹೊಂದಿಕೊಳ್ಳಲಿ ಅಕ್ಕ. ನಿನ್ನ ಧ್ವನಿ ಕೇಳಿದ್ರೆ ಅತ್ತು ಊಟ ಬಿಡ್ತಾಳೆ. ಸ್ವಲ್ಪ ದಿನ ಫೋನಲ್ಲಿ ಮಾತು ಬೇಡ" ಎಂದಿದ್ದ ತಮ್ಮ. ಅದರಲ್ಲಿ ಕೆಟ್ಟದ್ದೇನಿದೆ ಎಂದು ತಲೆಯಾಡಿಸಿದ್ದಳು. ಆ ಸ್ವಲ್ಪ ದಿನ ಎಳೆದೂ ಎಳೆದು ನಾಲ್ಕು ವರ್ಷವಾಗಿತ್ತು. ಇನ್ನು ಮಾತಾಡಿಸು ಎಂದು ಅವಳೂ ಬಾಯಿಬಿಟ್ಟು ಕೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ. ಅಪರೂಪಕ್ಕೆ ತಮ್ಮನೇ ಫೋನ್ ಮಾಡುತ್ತಿದ್ದ. "ಮಗು ಎಷ್ಟುದ್ದ ಆಗಿದೆಯೋ?" ಎಂದರೆ "ತುಂಬಾ ಬೆಳೆದಿದಾಳೆ ಅಕ್ಕ" ಎನ್ನುತ್ತಿದ್ದ. ತುಂಬಾ ಎಂದರೆ ಎಷ್ಟು? ಗಂಡಸರ ಬಾಯಲ್ಲಿ ಮಕ್ಕಳ ಅಳತೆ ಇಷ್ಟರ ಮೇಲೆ ಬರುವುದಿಲ್ಲ. ಇನ್ನೂ ಒತ್ತಿ ಕೇಳೋಣವೆಂದರೆ ಅವಳಿಗೆ ಅಭಿಮಾನ ಅಡ್ಡ ಬರುತ್ತಿತ್ತು. ಎತ್ತಿ ಆಡಿಸಿದ ಮಗುವಿನ ಅಳತೆಯನ್ನು ಇನ್ನೊಬ್ಬರ ಹತ್ತಿರ ಕೇಳುವುದೆ?

ಮೊಬೈಲಿನ ಆ ಅಂಗಡಿಯವರು ಬೇರೆ ತಲೆ ತಿಂದರು. ಇಲ್ಲಿ ಮೂವತ್ತು ಎಂದರೆ ಎದೆಯ ಸುತ್ತಳತೆ, ಅಲ್ಲಿಯ ಸಂಖ್ಯೆಗಳು ಎದೆಯದೋ ಎತ್ತರದ್ದೋ ದೇವರಿಗೇ ಗೊತ್ತು. ಕೊಂಡವರೊಬ್ಬರು "ಚಿಕ್ಕದಾಗುತ್ತೆ, ಒಂದು ಸೈಜ್ ಜಾಸ್ತಿ ತಗೊಳ್ಳಿ" ಎಂದು ಬರೆದಿದ್ದರೆ, ಅದರ ಕೆಳಗೇ ಇನ್ನೊಬ್ಬರು "ನಮ್ಮ ಮಗು ಒಳಗೆ ಕಳೆದುಹೋಯಿತು" ಎಂದಿದ್ದರು. ಕೊನೆಗೆ ಅಂಗಡಿಯವರನ್ನೇ ಕೇಳಿದಾಗ ಯಂತ್ರದ ಕನ್ನಡದಲ್ಲಿ ಉತ್ತರ ಬಂತು: "ಪ್ರಿಯ ಸ್ನೇಹಿತ, ಮಗುವಿನ ಎತ್ತರ ಮತ್ತು ತೂಕ ದಯೆ ಹೇಳಿ." ಐದು ವರ್ಷದ ತೂಕ ಅವಳ ಸೊಂಟಕ್ಕೆ ಇನ್ನೂ ನೆನಪಿತ್ತು. ಒಂಬತ್ತರದ್ದು ಎಲ್ಲಿಂದ ತರುವುದು? ಪ್ರಿಯ ಸ್ನೇಹಿತ ಎಂದವನಿಗೆ ಏನು ಬರೆಯಬೇಕೆಂದು ತಿಳಿಯದೆ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಮನಸ್ಸಿಗೆ ತುಂಬ ನೋವಾಯಿತು.

"ಒಂದು ಸೈಜ್ ದೊಡ್ಡದೇ ತರಿಸಮ್ಮ, ಬೆಳೆಯೋ ಮಕ್ಕಳು" ಎಂದ ಡ್ರೈವರಣ್ಣ.

"ಹಾಗಲ್ಲ ಅಣ್ಣ. ಹಾಕ್ಕೊಂಡ ಕೂಡಲೇ ಸರಿಯಾಗಿ ಕೂರಬೇಕು. ಅತ್ತೆಗೆ ನನ್ನ ಅಳತೆ ಗೊತ್ತು ಅಂತ ಅವಳಿಗೆ ಅನ್ನಿಸಬೇಕು. ಇಲ್ಲದಿದ್ರೆ, ನನ್ನ ಮರೆತೇಬಿಟ್ಟಿದಾಳೆ ಅಂದ್ಕೊಳ್ತಾಳೆ."

ಹೀಗೆ ಶುರುವಾಯಿತು ಕಂಬದ ಅಳತೆ. ಒಂಬತ್ತು ಎಂದ ಹುಡುಗಿಯರೆಲ್ಲ ಗೆರೆಯಿಂದ ಒಂದೂವರೆ ಗೇಣು ಮೇಲಿದ್ದರು. ತನ್ನ ಚಿಲ್ಲರೆಯೂ ಇಷ್ಟುದ್ದ ಆಗಿರಬೇಕು ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಆ ಅಳತೆಯನ್ನೇ ಮೊಬೈಲಿನಲ್ಲಿ ಒತ್ತಿ ಕೋಟು ಕಳಿಸಿದಳು.

ಆಮೇಲೆ ಕಾಯುವುದು. ಕೋಟು ಯಾವ ಬಂದರಿನಲ್ಲಿದೆ, ಯಾವ ಗೋದಾಮಿನಲ್ಲಿದೆ ಎಂದು ಮೊಬೈಲು ಹೇಳುತ್ತಿತ್ತು. ಟ್ರಿಪ್ಪಿಗೊಂದು ಸಲ ತೆಗೆದು ನೋಡುತ್ತಿದ್ದಳು. ತಾನೇ ಆ ಪೊಟ್ಟಣದೊಳಗೆ ಕೂತು ಹೋಗುತ್ತಿದ್ದೇನೆ ಎನ್ನಿಸುತ್ತಿತ್ತು. "ತಲುಪಿಸಲಾಗಿದೆ" ಎಂದು ಬಂದ ಮೇಲೆ ಮೊಬೈಲು ಸುಮ್ಮನಾಯಿತು. ತಮ್ಮನೂ ಸುಮ್ಮನಿದ್ದ.

ಫೋನ್ ಬಂದದ್ದು ಭಾನುವಾರ, ಅವಳು ಡಿಪೋದಲ್ಲಿ ಮಧ್ಯಾಹ್ನದ ಡಬ್ಬಿ ತೊಳೆಯುತ್ತಿದ್ದಾಗ.

"ಅತ್ತೆ?"

ಅದು ಅವಳಿಗೆ ಗೊತ್ತಿದ್ದ ಧ್ವನಿಯಾಗಿರಲಿಲ್ಲ. "ಯಾರು?" ಎಂದುಬಿಟ್ಟಳು.

"ನಾನು. ಚಿಲ್ಲರೆ."

ಅವಳು ನಲ್ಲಿ ನಿಲ್ಲಿಸಿದಳು. ಹೇಗಿದ್ದೀಯ, ಊಟ ಮಾಡಿದೆಯಾ ಎಂದು ಕೇಳಬೇಕಾದ್ದೆಲ್ಲ ಬಿಟ್ಟು, "ಕೋಟು ಸರಿಹೋಯ್ತಾ ಕಂದ?" ಎಂದು ಕೇಳಿದಳು.

"ಇಲ್ಲ. ಬೆರಳೇ ಕಾಣಿಸಲ್ಲ. ಅಪ್ಪ ತೋಳು ಎರಡು ಸಲ ಮಡಚಿದ್ರು."

ಆಗ ಅವಳಿಗೆ ಅರ್ಥವಾಯಿತು. ಒಂಬತ್ತು ಎಂದವರೆಲ್ಲ ಹನ್ನೊಂದು ಹನ್ನೆರಡರವರು. ನಿಜವಾಗಿ ಒಂಬತ್ತರವಳು ಅವಳ ಮಗು ಒಬ್ಬಳೇ. ದಿನಾ ಹಿಡಿದು ಹಾಕುವ ಸುಳ್ಳಿಗೆ ತಾನಾಗಿ ಹೋಗಿ ಬಿದ್ದಿದ್ದಳು.

"ವಾಪಸ್ ಕಳಿಸಿಬಿಡಮ್ಮ. ಬದಲಾಯಿಸಿ ಕೊಡ್ತಾರೆ. ನಂಗೆ... ನಿನ್ನ ಉದ್ದ ಗೊತ್ತಾಗಲಿಲ್ಲ ಕಣೆ" ಎಂದಳು.

"ಅಮ್ಮನೂ ಹಾಗೇ ಅಂದ್ರು. ನಾನು ಕೊಡ್ಲಿಲ್ಲ. ಬದಲಾಯಿಸಿದ್ರೆ ಅದು ನೀನು ಕಳಿಸಿದ ಕೋಟಲ್ಲ. ಬೆಳೆದು ಹಾಕ್ಕೋತೀನಿ." ಆಮೇಲೆ ಧ್ವನಿ ತಗ್ಗಿಸಿ, "ಅತ್ತೆ, ಗೆರೆ ಇನ್ನೂ ಇದೆಯಾ? ನಾನು ದಾಟಿದ್ನಾ?" ಎಂದಿತು.

"ನೀನೆಷ್ಟುದ್ದ ಇದೀಯ ಹೇಳು."

"ಸ್ಕೂಲಲ್ಲಿ ಅಳೆದ್ರು. ನೂರ ಇಪ್ಪತ್ತೊಂಬತ್ತು ಸೆಂಟಿಮೀಟರ್."

ನಾಲ್ಕು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ. "ನಾಳೆ ನೋಡ್ತೀನಿ" ಎಂದಳು.

ಮರುದಿನ ಮೊದಲ ಟ್ರಿಪ್ಪಿಗೆ ಮುಂಚೆ, ಖಾಲಿ ಬಸ್ಸಿನಲ್ಲಿ, ನೆಲದಿಂದ ಕಂಬದ ಗುಂಟ ಟೇಪು ಹಿಡಿದಳು. ನೂರ ಇಪ್ಪತ್ತೊಂಬತ್ತು ಗೆರೆಯನ್ನು ದಾಟಿ, ಒಂದು ಗೇಣಿಗೆ ತುಸು ಕಡಿಮೆ ಎನ್ನುವಲ್ಲಿಗೆ ಬಂತು. ತನ್ನ ಎದೆಯ ಮಟ್ಟ. ಅಪ್ಪಿಕೊಂಡರೆ ತಲೆ ಇಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಾಕಿದಳು. ತಲೆಯಿರಬೇಕಾದ ಜಾಗದಲ್ಲಿ ಅಂಗೈ ಚಾಚಿ ಹಾಗೇ ನಿಂತಳು. ಕೈ ಸೋಲುವವರೆಗೆ ನಿಂತಿದ್ದಳು.

ಆಮೇಲೆ ದುಡ್ಡು ತಾನೇ ಹಾಕಿ ಒಂದು ಅರ್ಧ ಟಿಕೆಟ್ ಹರಿದಳು.

ಡ್ರೈವರಣ್ಣ ಕನ್ನಡಿಯಲ್ಲಿ ನೋಡಿದ. "ಯಾರಿಗಮ್ಮ ಟಿಕೆಟ್ಟು? ಇನ್ನೂ ಯಾರೂ ಹತ್ತೇ ಇಲ್ಲ."

ಅವಳು ಟಿಕೆಟ್ಟನ್ನು ಅವನ ಹಿಂದಿನ ಸೀಟಿನ ಕಿಟಕಿಯ ಸಂದಿಗೆ ಸಿಕ್ಕಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲ ಹತ್ತಿರ ಬಂದು ನಿಂತಳು.

"ಹತ್ತಿದಾಳೆ ಅಣ್ಣ" ಎಂದಳು. "ರೈಟ್."