ಕಂಕುಳಲ್ಲಿ ಬಂದ ರಷ್ಯನ್ ಪ್ಲೇಟು

ನಾನು ಒಂದು ಗ್ರಾಮಫೋನ್ ರೆಕಾರ್ಡು. ಲಾಂಗ್ ಪ್ಲೇ ಎನ್ನುತ್ತಾರಲ್ಲ, ಆ ಜಾತಿ. ಊಟದ ತಟ್ಟೆಗಿಂತ ತುಸು ಅಗಲ, ಬಣ್ಣ ಕಪ್ಪು, ನಡುವೆ ಒಂದು ತೂತು. ಧಾರವಾಡದ ಮಂದಿ ನನ್ನನ್ನು ಪ್ಲೇಟು ಎಂದರು. ಅದೇ ನನ್ನ ಹೆಸರಾಗಿ ಉಳಿಯಿತು.

ಹುಟ್ಟಿದ್ದು ಮಾಸ್ಕೋ ಬಳಿಯ ಒಂದು ಕಾರ್ಖಾನೆಯಲ್ಲಿ. ಬಿಸಿ ವಿನೈಲಿನ ಒಂದು ಮುದ್ದೆಯನ್ನು ಎರಡು ನಿಕಲ್ ಅಚ್ಚುಗಳ ನಡುವೆ ಇಟ್ಟು ಒತ್ತಿದರು. ರೊಟ್ಟಿ ತಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ. ಅಂಚಿನಲ್ಲಿ ಹೊರಚಾಚಿದ್ದನ್ನು ಕತ್ತರಿಸಿ, ತಣಿಸಿ, ಕವರಿಗೆ ಹಾಕಿದರು. ನನ್ನ ಎರಡು ಮಗ್ಗುಲಲ್ಲೂ ಕೂದಲಿಗಿಂತ ಸಣ್ಣ ಗೀರು ಸುರುಳಿಯಾಗಿ ಒಳಗೆ ಹೋಗುತ್ತದೆ. ಆ ಗೀರಿನ ಗೋಡೆಗಳಲ್ಲಿ ಮೂವರು ಕುಳಿತಿದ್ದಾರೆ: ಒಬ್ಬ ಪಿಟೀಲಿನವನು, ಒಬ್ಬ ಪಿಯಾನೋದವನು, ಇನ್ನೊಬ್ಬ ಚೆಲ್ಲೊ ನುಡಿಸುವವನು. ಚೆಲ್ಲೊ ಎಂದರೆ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಅದರ ಕಂಠ ದಪ್ಪ.

ಅವರು ನುಡಿಸಿದ್ದು ಶೊಸ್ತಕೋವಿಚ್ ಅವರ ರಚನೆ. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. 1944ರಲ್ಲಿ ಅವರ ಆಪ್ತ ಗೆಳೆಯರೊಬ್ಬರು ಹಠಾತ್ತನೆ ತೀರಿಕೊಂಡರು. ಆ ಗೆಳೆಯರ ನೆನಪಿಗೆ ಇದನ್ನು ಅರ್ಪಿಸಿದರು. ಇದರಲ್ಲಿ ನಾಲ್ಕು ಭಾಗಗಳಿವೆ. ಮೊದಲ ಎರಡು ನನ್ನ ಒಂದನೇ ಮಗ್ಗುಲಲ್ಲಿ, ಉಳಿದೆರಡು ಇನ್ನೊಂದರಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಾಳಿನ ಗೊಂದಲವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಹಡಗಿನಲ್ಲಿ ಬಂದೆ, ಲಾರಿಯಲ್ಲಿ ಬಂದೆ, ಕೊನೆಗೆ ಧಾರವಾಡದ ಒಂದು ಶಾಲೆಯ ಸಭಾಂಗಣದಲ್ಲಿ ನಡೆದ ಸೋವಿಯತ್ ಪುಸ್ತಕ ಪ್ರದರ್ಶನದ ಮೇಜಿನ ಮೇಲೆ ಕುಳಿತೆ. ನನ್ನ ಅಕ್ಕಪಕ್ಕ ನನ್ನಂಥವೇ ರೆಕಾರ್ಡುಗಳು: ಪಿಟೀಲು ವಾದ್ಯವೃಂದದೊಡನೆ ನುಡಿಯುವ ಕನ್ಚರ್ಟೊ, ಪಿಯಾನೋ ಕನ್ಚರ್ಟೊ, ನಾಲ್ವರ ತಂತಿವಾದ್ಯಗಳ ಕ್ವಾರ್ಟೆಟ್‌ಗಳು ಇದ್ದವು. ಮಂದಿ ಮಕ್ಕಳ ಚಿತ್ರಪುಸ್ತಕಗಳಿಗೆ ಮುಗಿಬಿದ್ದರು. ನಮ್ಮ ಕಡೆ ಬಂದವರು ಇಬ್ಬರೇ.

ಒಬ್ಬರು ದುಂಡಪ್ಪ ಮುಳಗುಂದ, ಗಾಯಕರು. ಇನ್ನೊಬ್ಬರು ಮೌಲಾಸಾಬ ಕಿಲ್ಲೇದಾರ, ತಬಲಾ. ಇಬ್ಬರೂ ಹಿಂದೂಸ್ತಾನಿ ಸಂಗೀತದವರು, ಹುಡುಗತನದಿಂದ ಜೋಡಿ. ದುಂಡಪ್ಪನವರು ಹಾಡಲು ಕೂತರೆ ಬಲಗಡೆ ಮೌಲಾಸಾಬರು ಇರಲೇಬೇಕು.

"ಯಾವದರ ತಗೊಳ್ಳೋ ಮೌಲಾ, ನನ್ನ ಹತ್ರ ಪ್ಲೇಯರ್ ಐತಿ," ಎಂದರು ದುಂಡಪ್ಪ.

"ಪ್ಲೇಯರ್ ನಿಂದು, ಪ್ಲೇಟು ನಂದು. ಮದವಿ ಮಾಡೋಣ," ಎಂದು ಮೌಲಾಸಾಬರು ನನ್ನನ್ನು ಎತ್ತಿಕೊಂಡರು.

ಅಂದು ಗುರುವಾರ. ದುಂಡಪ್ಪನವರ ಮನೆಯ ಪಡಸಾಲೆಯಲ್ಲಿ ನನ್ನನ್ನು ಒಂದನೇ ಮಗ್ಗುಲಿಂದಲೇ ಹಚ್ಚಿದರು. ಸೂಜಿ ಇಳಿಯಿತು. ಕೇಳಿದ್ದು ಒಂದು ಸಣ್ಣ ಕೀಚಲು, ಗಾಜಿನ ಮೇಲೆ ಉಗುರು ಎಳೆದಂತೆ.

"ಸೂಜಿ ಸವದೈತಿ," ಎಂದರು ದುಂಡಪ್ಪ. ಎತ್ತಿದರು. ಒರೆಸಿದರು. ಮತ್ತೆ ಇಟ್ಟರು. ಮತ್ತೆ ಅದೇ. "ಈ ಮಗ್ಗಲಾ ಕೆಟ್ಟೈತಿ, ಹೊಳ್ಳಿಸು."

ಹೊಳ್ಳಿಸಿದರು. ಈ ಮಗ್ಗುಲು ಪಿಯಾನೋದಿಂದ ಶುರುವಾಗುತ್ತದೆ. ಒಂದಾದ ಮೇಲೊಂದು ಎಂಟು ಗಂಭೀರ ಸ್ವರಗುಚ್ಛಗಳು, ತೀರ ನಿಧಾನ. ಎಂಟು ಮುಗಿದೊಡನೆ ಮತ್ತೆ ಅವೇ ಎಂಟು. ಅವುಗಳ ಮೇಲೆ ಮೊದಲು ಪಿಟೀಲು ಹಾಡುತ್ತದೆ, ಆಮೇಲೆ ಚೆಲ್ಲೊ. ಮೌಲಾಸಾಬರ ಬೆರಳು ಮೊಣಕಾಲಿನ ಮೇಲೆ ತಾನಾಗಿ ಆಡತೊಡಗಿತು. ಎರಡನೇ ಸುತ್ತಿನ ಮೊದಲ ಪೆಟ್ಟಿಗೆ ಇಬ್ಬರೂ ಒಟ್ಟಿಗೆ ತಲೆ ಹಾಕಿದರು. ಆವರ್ತನ ಬಂದು ಸೇರುವ ಆ ಜಾಗಕ್ಕೆ ಅವರು ಸಮ್ ಎನ್ನುತ್ತಾರೆ.

"ವಿಲಂಬಿತ್ ಐತಲ್ಲೋ!"

"ಠೇಕಾ ನೋಡು. ಎಂಟ ಮಾತ್ರಿ." ತಬಲಾದವರು ಬಿಡದೆ ಸುತ್ತಿಸುವ ತಾಳದ ಆವರ್ತಕ್ಕೆ ಠೇಕಾ ಎನ್ನುತ್ತಾರೆ.

ಆ ನಿಧಾನ ಮುಗಿದು, ನಡುವೆ ಉಸಿರೂ ಬಿಡದೆ, ಕುಣಿತದ ನಡೆಯ ಕೊನೆಯ ಭಾಗ ಶುರುವಾದಾಗ ಅವರಿಗೆ ಅನುಮಾನವೇ ಉಳಿಯಲಿಲ್ಲ. ಮೊದಲು ನಿಧಾನದ ವಿಲಂಬಿತ್, ಆಮೇಲೆ ಓಟದ ದ್ರುತ್. ರಷ್ಯಾದವರಾದರೇನು, ಸಂಗೀತ ಬಲ್ಲವರು ಹೀಗೇ ಹಾಡಬೇಕಲ್ಲ! ಮಗ್ಗುಲಿನ ಅಂಕಿಯೇ ಅದಲುಬದಲಾಗಿದೆ ಎಂದು ತೀರ್ಮಾನಿಸಿದರು. ದ್ರುತ್ ಮುಗಿದ ಮೇಲೆ ಹಿಂದಕ್ಕೆ ಹೋಗುವ ರೂಢಿ ಅವರಲ್ಲಿಲ್ಲ. ಹೀಗಾಗಿ ನನ್ನ ಒಂದನೇ ಮಗ್ಗುಲು ಬಾಯಿ ಬಿಡುವ ಮೊದಲೇ ಮುಚ್ಚಿತು.

ನಾನು ದೂರುವುದಿಲ್ಲ. ಅರ್ಧವನ್ನೇ ಕೇಳಿದರೂ ಅವರು ಕೇಳಿದ ರೀತಿ ಅಂಥದ್ದು. ಗುರುವಾರ ಬಂತೆಂದರೆ ಮೌಲಾಸಾಬರು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವರು. ದುಂಡಪ್ಪನವರ ಹೆಂಡತಿ ಪಾರ್ವತವ್ವ ಗಿರ್ಮಿಟ್ಟು, ಮಿರ್ಚಿ ಮಾಡಿಡುವರು. ನಾನು ಹಾಡುವಾಗ ಮಿರ್ಚಿ ಕಚ್ಚಬಾರದು, ಚಹಾ ಸೊರಗುಟ್ಟಬಾರದು. ಕೊನೆಯ ಭಾಗದ ಕುಣಿತ ಬರಬರುತ್ತ ಕುಣಿತವಾಗಿ ಉಳಿಯುವುದಿಲ್ಲ, ಎದೆ ಬಡಿದುಕೊಂಡಂತಾಗುತ್ತದೆ. ಅಲ್ಲಿಗೆ ಬಂದಾಗ ದುಂಡಪ್ಪನವರು ಕಣ್ಣು ಮುಚ್ಚುವರು. ರಷ್ಯನ್ ಒಂದಕ್ಷರ ಬಾರದವರು. ಯಾರೋ ಸತ್ತಿದ್ದಾರೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ಒಮ್ಮೆ, "ಯಾರನ್ನೋ ಕಳಕೊಂಡಾವ ಬರದಾನ ಇದನ್ನ," ಎಂದಿದ್ದರು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಗುರುವಾರ ದುಂಡಪ್ಪನವರ ಮನೆಗೆ ನಾಲ್ಕು ಜನ ರಸಿಕರು ಬಂದಿದ್ದರು. ಹಿಂದಿನ ದಿನ ದುಂಡಪ್ಪನವರ ಕಛೇರಿ ಆಗಿತ್ತು. ಮೌಲಾಸಾಬರು ಅದರಲ್ಲಿ ಉದ್ದುದ್ದ ತಿಹಾಯಿ ಬಾರಿಸಿ, ಒಂದೇ ಬೋಲನ್ನು ಮೂರು ಸಲ ತಿರುಗಿಸಿ ಸಮ್ಮಿಗೆ ತಂದು, ಚಪ್ಪಾಳೆ ಗಿಟ್ಟಿಸಿದ್ದರು. ಅದು ಗಾಯಕರ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತ್ತು.

ನನ್ನ ಪಿಯಾನೋ ಮೂರನೇ ಸುತ್ತಿನಲ್ಲಿತ್ತು. ದುಂಡಪ್ಪನವರು ಅತಿಥಿಗಳ ಕಡೆ ತಿರುಗಿದರು.

"ಕೇಳ್ರೀ, ಸಾಥ್ ಅಂದ್ರ ಇದು. ಎಂಟ ಮಾತು. ಒಂದ್ ಹೆಚ್ಚಿಲ್ಲ, ಒಂದ್ ಕಡಿಮಿ ಇಲ್ಲ. ಹಾಡಾವಗ ಜಾಗಾ ಬಿಟ್ಟು ಕುಂತಾನ. ನಮ್ಮ ಮೌಲಾ ಆಗಿದ್ರ ಇಷ್ಟೊತ್ತಿಗೆ ನಾಕ ತಿಹಾಯಿ ಹೊಡದು ಚಪ್ಪಾಳಿ ಇಸ್ಕೊಂತಿದ್ದ."

ಅತಿಥಿಗಳು ನಕ್ಕರು. ಮೌಲಾಸಾಬರು ನಗಲಿಲ್ಲ.

"ಹಂಗಾರ ಮುಂದಿನ ಸಲ ಈ ಪಿಯಾನೋದವನ್ನ ಕರಸು. ರಷ್ಯಾದಿಂದ ತಿಕೀಟ ತಗಸು."

"ಸಿಟ್ಟ್ಯಾಕ ಮಾಡ್ತೀಯೋ? ಠೇಕಾ ಹಿಡಿಯೋದೂ ಒಂದ್ ವಿದ್ಯಾನ."

"ಹೌದಪಾ. ನೀ ವಿದ್ವಾಂಸ, ನಾ ಗಡಿಯಾರ."

ಸೂಜಿ ಇನ್ನೂ ಗೀರಿನಲ್ಲಿ ಇರುವಾಗಲೇ ತೋಳನ್ನು ಎತ್ತಿ, ನನ್ನನ್ನು ಕಿತ್ತುಕೊಂಡು ಮೌಲಾಸಾಬರು ಹೊರನಡೆದರು. ಸಿಟ್ಟಿನಲ್ಲಿ ಕವರು ಮರೆತರು. ಅದು ಆ ಮನೆಯಲ್ಲೇ ಉಳಿಯಿತು.

ದುಂಡಪ್ಪನವರ ಮಾತಿನಲ್ಲಿ ಒಂದು ತಪ್ಪಿತ್ತು. ನನ್ನೊಳಗಿನ ಪಿಯಾನೋ ಯಾರಿಗೂ ಸಾಥ್ ಕೊಡುತ್ತಿಲ್ಲ. ಆ ಸಂಗೀತದಲ್ಲಿ ಮೂವರೂ ಸಮ. ಆದರೆ ರೆಕಾರ್ಡಿಗೆ ಗೀರಿನಲ್ಲಿ ಇರುವುದನ್ನಷ್ಟೇ ಹೇಳಲು ಬರುತ್ತದೆ.

ಅಂದಿನಿಂದ ಪ್ಲೇಯರು ಒಂದು ಮನೆಯಲ್ಲಿ, ಪ್ಲೇಟು ಇನ್ನೊಂದು ಮನೆಯಲ್ಲಿ. ಎರಡೂ ಮನೆಗಳಲ್ಲಿ ಮೌನ. ದುಂಡಪ್ಪನವರು ಬೇರೆ ತಬಲಜಿಗಳನ್ನು ಕರೆಯುತ್ತಾರೆ, ಯಾರೂ ಎರಡನೇ ಸಲ ನಿಲ್ಲುವುದಿಲ್ಲ ಎಂಬ ಸುದ್ದಿ ಬರುತ್ತಿತ್ತು. ಮೌಲಾಸಾಬರು ಕೇಳದವರಂತೆ ಶ್ರುತಿ ಸರಿಮಾಡುವ ನೆವದಲ್ಲಿ ತಬಲಾಕ್ಕೆ ಸುತ್ತಿಗೆ ಬಡಿಯುತ್ತ ಕೂರುವರು.

ಕವರಿಲ್ಲದ ನಾನು ಮೊದಲು ಗೋಡೆಯ ಗೂಡಿನಲ್ಲಿದ್ದೆ. ಆಮೇಲೆ ಅವರ ಹೆಂಡತಿ ಹಜರತ್‌ಬಿಯ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ಕಳೆಯಿತು. ನನ್ನ ಅಳತೆ ಆ ಡಬ್ಬಿಗೆ ಸರಿಯಾಗಿ ಹೊಂದಿತು. ಒಂದನೇ ಮಗ್ಗುಲು ಕೆಳಗೆ, ಹಿಟ್ಟಿನ ಕಡೆ. ಎರಡನೆಯದು ಮೇಲೆ. ಇಲಿ ಬಾರದಿರಲೆಂದು ನನ್ನ ಮೇಲೆ ಕುಟ್ಟುವ ಕಲ್ಲು. ದಿನಾ ರೊಟ್ಟಿಯ ಹೊತ್ತಿಗೆ ಆ ಕಲ್ಲು ಸರಿಯುತ್ತಿತ್ತು, ಎಂಟು ಸ್ವರಗುಚ್ಛಗಳ ಮೇಲೆ ಅಡ್ಡಾದಿಡ್ಡಿ ಬರೆ ಎಳೆಯುತ್ತಿತ್ತು. ಹಜರತ್‌ಬಿ ಕೆಟ್ಟವರಲ್ಲ. ಹಾಡದ ಪ್ಲೇಟು ಮುಚ್ಚಳವೇ ಸರಿ.

ಮೌಲಾಸಾಬರು ಅಡುಗೆಮನೆಗೆ ಬರುವವರಲ್ಲ. ಒಂದು ದಿನ ನೀರು ಕುಡಿಯಲು ಬಂದವರು ನನ್ನನ್ನು ಕಂಡರು. ಕಲ್ಲನ್ನು ಎತ್ತಿ ನೆಲಕ್ಕಿಟ್ಟರು. ನನ್ನನ್ನು ತಿರುಗಿಸಿ ನೋಡಿದರು.

"ಇದೇನ ಮಾಡೀಯ?"

"ನೀವ್ ಏನ್ ಮಾಡೀರಿ ಹೇಳ್ರಿ ಮದಲ," ಎಂದರು ಹಜರತ್‌ಬಿ, ರೊಟ್ಟಿ ತಟ್ಟುತ್ತಲೇ. "ದುಂಡಪ್ಪನವ್ರ ಗಂಟಲಾ ಆಪರೇಶನ್ ಆಗೈತಿ, ಆಸ್ಪತ್ರಿ ಗೇಟಿನ ತನಕ ಹೋಗಿ ಹೊಳ್ಳಿ ಬಂದ್ರಿ. ಹೌದಿಲ್ಲೋ? ನಾ ಬರೇ ಪ್ಲೇಟಿನ ಮ್ಯಾಲ ಕಲ್ಲ ಇಟ್ಟೀನಿ."

ಮೌಲಾಸಾಬರು ತಬಲಾ ಒರೆಸುವ ಮೆತ್ತನೆ ಬಟ್ಟೆಯಿಂದ ನನ್ನ ಮೇಲಿನ ಹಿಟ್ಟು ಒರೆಸಿದರು.

ಮರುದಿನ ಪಾರ್ವತವ್ವನೇ ಬಂದರು. ಬಾಗಿಲಲ್ಲೇ ನಿಂತು ಹೇಳಿದರು. "ಸಾಹೇಬ್ರ, ಅವ್ರ ಧ್ವನಿ ಹೋತು. ಪಿಸುಪಿಸು ಅಂತಾರ, ಅಷ್ಟ. ಹಾಡು ಮುಗೀತು ಅಂದಾರ ಡಾಕ್ಟ್ರು. ಗ್ವಾಡಿ ಕಡೆ ಮುಖಾ ಮಾಡಿ ಮಲಗತಾರ. ಬಾಯಿಗೆ ಏನೂ ಹಾಕ್ಕೊಳ್ಳಂಗಿಲ್ಲ. ಮಾತಾಡಾಕ ಬರಂಗಿಲ್ಲ ಖರೆ, ಕೇಳಾಕ ಬರ್ತೈತಿ."

"ನಾ ಬಂದ್ರ ಬೇಡ ಅಂದಾನು, ವೈನಿ."

"ಅನ್ನಾಕ ಧ್ವನಿ ಎಲ್ಲೈತ್ರಿ?"

ಅಂದು ಗುರುವಾರವಾಗಿರಲಿಲ್ಲ. ಆದರೂ ಕಂಕುಳಲ್ಲಿ ಹೊರಟೆವು.

ದುಂಡಪ್ಪನವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ. ಮೌಲಾಸಾಬರು ಕೆಮ್ಮಿದರು. ಆ ಕೆಮ್ಮನ್ನು ಗುರುತಿಸಲು ಗಾಯಕರಿಗೆ ತಿರುಗಿ ನೋಡಬೇಕಿರಲಿಲ್ಲ. ಬೆನ್ನು ಅಲುಗಿತು. ಆಮೇಲೆ ನಿಧಾನವಾಗಿ ಎದ್ದು ಕೂತರು, ದಿಂಬಿನ ಕೆಳಗೆ ಕೈ ಹಾಕಿದರು, ಒಂದು ಚೌಕದ ರಟ್ಟು ಹೊರಗೆಳೆದರು. ನನ್ನ ಕವರು! ಮೂಲೆಗಳಿಗೆ ಅಂಟುಪಟ್ಟಿ ಹಚ್ಚಿದ್ದರು. ಅದರ ಮೇಲೆ ಧೂಳಿನ ಕಣವೂ ಇರಲಿಲ್ಲ.

ಮೌಲಾಸಾಬರು ರೂಢಿಯ ಮಗ್ಗುಲನ್ನು ಹಚ್ಚಿದರು. ಪಿಯಾನೋ ಒಂದು ಸ್ವರಗುಚ್ಛ ಹೇಳಿತು, ಎರಡನೆಯದಕ್ಕೆ ಸಿಕ್ಕಿಬಿತ್ತು. ಧಂ. ಧಂ. ಧಂ. ಸೂಜಿ ಮುಂದೆ ಸರಿಯಲೊಲ್ಲದು. ದುಂಡಪ್ಪನವರ ಮುಖ ಬಾಡಿತು. ಮೆಲ್ಲಗೆ ಮತ್ತೆ ಗೋಡೆಯ ಕಡೆ ತಿರುಗತೊಡಗಿದರು. ಮೌಲಾಸಾಬರು ತೋಳನ್ನು ಎತ್ತಿದರು. ಅವರು ತಂದ ಒಂದೇ ಒಂದು ಕಾಣಿಕೆ ಕೆಟ್ಟುಹೋಗಿತ್ತು.

"ಆ ಕಡೆ ಹಾಕ್ರಿ," ಎಂದರು ಪಾರ್ವತವ್ವ.

"ಆ ಕಡೆ ಬರೇ ಕೀಂವ್ ಅಂತೈತಿ, ವೈನಿ."

"ಈ ಕಡೆ ಬರೇ ಧಂ ಅಂತೈತಲ್ಲ. ಹಾಕ್ರಿ."

ನನ್ನನ್ನು ಹೊಳ್ಳಿಸಿದರು. ಸೂಜಿ ಇಳಿಯಿತು. ಅದೇ ಕೀಚಲು. ಮೌಲಾಸಾಬರ ಕೈ ಹಳೆಯ ರೂಢಿಯಂತೆ ತೋಳನ್ನು ಎತ್ತಲು ಹೋಯಿತು. ದುಂಡಪ್ಪನವರು ಆ ಮಣಿಕಟ್ಟನ್ನು ಹಿಡಿದರು.

ಹಾಡುವವರಾಗಿದ್ದಾಗ ಅವರು ಯಾವ ಸಂಗೀತವನ್ನಾದರೂ ಒಳಗೇ ಹಾಡಿಕೊಳ್ಳುತ್ತ ಕೇಳುತ್ತಿದ್ದರು. ಈಗ ಹಾಡಲು ಬಾರದವರು ಬರೇ ಕೇಳಿದರು. ಕೀಚಲು ಮೇಲೇರಿತು, ಇಳಿಯಿತು, ಒಂದು ಕಡೆ ತಡೆದು ನಿಂತಿತು. ಸವೆದ ಸೂಜಿ ಹೀಗೆ ಉಸಿರಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಪಿಟೀಲು ಬಂದು ಅದೇ ಮಾತನ್ನು ಹೇಳಿತು. ಇನ್ನೂ ಕೆಳಗೆ, ಆಳದಲ್ಲಿ, ಪಿಯಾನೋ.

"ಸೂಜಿ ಅಲ್ಲಲೇ," ಎಂದು ಪಿಸುಗುಟ್ಟಿದರು ದುಂಡಪ್ಪ. ಗಂಟಲಿಗೆ ಅಷ್ಟೇ ಕಷ್ಟವಾಯಿತು. ಮುಂದಿನದನ್ನು ಕೈಯಿಂದ ತೋರಿಸಿದರು. ಎರಡು ತೋಳು ಅಗಲಿಸಿ ದೊಡ್ಡ ಪಿಟೀಲಿನ ಗಾತ್ರ ತೋರಿಸಿ, ಬೆರಳನ್ನು ಮಾಳಿಗೆಯ ಕಡೆ ಎತ್ತಿದರು. ಆಮೇಲೆ ಅಂಗೈ ಮಡಚಿ ಸಣ್ಣ ಪಿಟೀಲು ತೋರಿಸಿ, ನೆಲಕ್ಕೆ ಇಳಿಸಿದರು.

ಸರಿಯಾಗಿಯೇ ಗುರುತಿಸಿದ್ದರು. ಅಲ್ಲಿ ಚೆಲ್ಲೊದವನು ತಂತಿಯನ್ನು ಒತ್ತದೆ, ಬೆರಳನ್ನು ಹಗುರವಾಗಿ ತಾಗಿಸಿ, ತನ್ನ ವಾದ್ಯದ್ದಲ್ಲವೆನಿಸುವಷ್ಟು ಎತ್ತರದಲ್ಲಿ ನುಡಿಸುತ್ತಾನೆ. ಮೂವರಲ್ಲಿ ದಪ್ಪ ಕಂಠದವನು ಮೇಲಕ್ಕೆ ಹೋಗುತ್ತಾನೆ, ಸಣ್ಣ ಕಂಠದವನು ಕೆಳಗೆ ಕೂತು ಅವನಿಗೆ ಜಾಗ ಬಿಡುತ್ತಾನೆ. ನಾನು ಅಷ್ಟು ವರ್ಷ ಹೊತ್ತು ತಿರುಗಿದ ಮೊದಲ ಮಾತು ಅದೇ.

"ಇದು ದ್ರುತ್‌ನ್ಯಾಗ ಕೊನಿಗೆ ಬರ್ತಿತ್ತಲ್ಲೋ!" ಎಂದರು ಮೌಲಾಸಾಬ. ನಿಜ, ಮೊದಲ ಭಾಗದ ಈ ರಾಗ ಕೊನೆಯ ಭಾಗದಲ್ಲಿ ನೆನಪಿನಂತೆ ಮತ್ತೆ ಹಾದುಹೋಗುತ್ತದೆ. "ನಾವು ಬರೇ ನೆನಪು ಕೇಳೀವಿ. ಖರೇದು ಇಲ್ಲಿತ್ತು. ಇಷ್ಟ ವರ್ಷ ಇವನ ಬಾಯಿ ಮುಚ್ಚಿದ್ವಲ್ಲೋ, ದುಂಡ್ಯಾ."

ದುಂಡಪ್ಪನವರು ಗೆಳೆಯನ ಮುಖ ನೋಡಿದರು. ತುಟಿ ಅಲುಗಿತು. "ನಿನ್ನ ಬಾಯೀನೂ," ಎಂದರು.

ಎರಡನೇ ಭಾಗವೂ ಮುಗಿದು ಸೂಜಿ ಒಳಗಿನ ಖಾಲಿ ಗೀರಿನಲ್ಲಿ ತಿರುಗುತ್ತಿತ್ತು. ಯಾರೂ ಎತ್ತಲಿಲ್ಲ. ದುಂಡಪ್ಪನವರು ತಮ್ಮ ತೊಡೆಯ ಮೇಲೆ ಅಂಗೈಯಿಂದ ತಟ್ಟತೊಡಗಿದರು. ನಿಧಾನದ ಠೇಕಾ. ಎಂಟು ಮಾತ್ರೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ತಟ್ಟುತ್ತ ಮೌಲಾಸಾಬರ ಕಡೆ ಗದ್ದ ಎತ್ತಿದರು. ಹಾಡು ಎಂದರ್ಥ.

ಮೌಲಾಸಾಬರು ಹಾಡಿದರು. ಬದುಕಿನಲ್ಲಿ ಒಮ್ಮೆಯೂ ಮಂದಿಯೆದುರು ಬಾಯಿ ತೆರೆಯದವರು, ಆ ಎತ್ತರದ ರಾಗವನ್ನೇ ಹಿಡಿಯಲು ಹೋದರು. ಸ್ವರ ಎಲ್ಲೆಲ್ಲೋ ಅಲೆಯಿತು.

"ಸಾವಕಾಶ್ರೀ, ಓಣಿ ಮಂದಿ ಕೂಡ್ಯಾರು," ಎಂದು ಪಾರ್ವತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಏನೋ, ಕಣ್ಣಂತೂ ಒರೆಸಿಕೊಂಡರು.

"ಬೇಸೂರ," ಎಂದು ದುಂಡಪ್ಪನವರು ಪಿಸುಗುಟ್ಟಿದರು. "ಆದ್ರ ಸಮ್ಮಿಗೆ ಬಂದಿ." ಆಮೇಲೆ ಹೆಂಡತಿಯ ಕಡೆ ತಿರುಗಿ, ಮಿರ್ಚಿ ಎಂದರು. ಆ ಗಂಟಲಿಗೆ ಮಿರ್ಚಿ ಸಿಗಲಿಲ್ಲ. ಗಂಜಿ ಸಿಕ್ಕಿತು. ಪೂರಾ ಕುಡಿದರು.

ಹೊರಡುವಾಗ ಪಾರ್ವತವ್ವ, ಪ್ಲೇಟು ಇಲ್ಲೇ ಇರಲಿ ಎಂದರು. ದುಂಡಪ್ಪನವರು ಕೈ ಆಡಿಸಿ ಬೇಡವೆಂದರು. ಕವರಿನೊಳಗೆ ನನ್ನನ್ನು ತಾವೇ ಇಳಿಸಿ, ಮೌಲಾಸಾಬರ ಕಂಕುಳಿಗೆ ಸಿಕ್ಕಿಸಿದರು. "ಇಲ್ಲೇ ಇಟ್ಟಗೊಂಡ್ರ ಇವ ಯಾಕ ಬರ್ತಾನ?"

ಆಮೇಲೆ ಎಷ್ಟೋ ಗುರುವಾರಗಳು ಒಂದನೇ ಮಗ್ಗುಲಿಂದ ಶುರುವಾದವು. ಒಬ್ಬರು ತೊಡೆ ತಟ್ಟುವರು, ಒಬ್ಬರು ಬೇಸೂರ ಹಾಡುವರು.

ದುಂಡಪ್ಪನವರು ಈಗಿಲ್ಲ. ಅವರ ಕಾರ್ಯಗಳೆಲ್ಲ ಮುಗಿದ ಮೇಲೆ ಪಾರ್ವತವ್ವ ಪ್ಲೇಯರನ್ನು ಬಟ್ಟೆಯಲ್ಲಿ ಸುತ್ತಿ ಮೌಲಾಸಾಬರ ಮುಂದಿಟ್ಟರು. "ಒಯ್ರಿ ಸಾಹೇಬ್ರ. ಎರಡೂ ಒಂದ ಮನ್ಯಾಗಿರ್ಲಿ."

ಅವರು ಅದನ್ನು ಮತ್ತೆ ಪಾರ್ವತವ್ವನ ಕಡೆ ಸರಿಸಿದರು. "ಇಲ್ಲೇ ಇರ್ಲಿ, ವೈನಿ," ಎಂದರು. "ನಾ ಬರ್ತೀನಿ."

ನನಗೂ ವಯಸ್ಸಾಗಿದೆ. ಒಂದು ಮಗ್ಗುಲು ಪೂರಾ ಹೋಗಿದೆ, ಇನ್ನೊಂದರಲ್ಲೂ ಹಾಡಿನ ಜತೆ ಒಗ್ಗರಣೆಯ ಚಟಪಟ ಕೇಳುತ್ತದೆ. ನನ್ನ ಜತೆ ಆ ಮೇಜಿನ ಮೇಲಿದ್ದ ಕನ್ಚರ್ಟೊಗಳು ಎಲ್ಲಿ ಹೋದವೋ ತಿಳಿಯದು. ನನ್ನೊಳಗಿನ ಮೂವರನ್ನು ಎಷ್ಟು ಹೊಗಳಿದರೂ ಸಾಲದು, ಆದರೆ ಅವರು ನುಡಿಸಿದ್ದು ಒಮ್ಮೆ. ಧಾರವಾಡದ ಈ ಇಬ್ಬರು ಅದನ್ನು ಬಾಳಿನುದ್ದಕ್ಕೂ ಕೇಳಿದರು, ತಪ್ಪು ಕೇಳಿದರು, ಹೊಳ್ಳಿಸಿ ಕೇಳಿದರು. ಗೀರಿನಲ್ಲಿ ಕುಳಿತಿರುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದೂ ನನಗೆ ಗೊತ್ತಿಲ್ಲ.

ನಾಳೆ ಗುರುವಾರ. ಮೌಲಾಸಾಬರು ಕೋಲೂರಿಕೊಂಡು ನಡೆಯುತ್ತಾರೆ, ಇನ್ನೊಂದು ಕಂಕುಳಲ್ಲಿ ನಾನು. ಪಾರ್ವತವ್ವ ಚಹಾ ಇಡುತ್ತಾರೆ. ಸೂಜಿ ಇಳಿಯುತ್ತದೆ, ಕೀಚಲು ಏಳುತ್ತದೆ. ಆಗ ಮೌಲಾಸಾಬರು ಬಲಗೈ ಎತ್ತುತ್ತಾರೆ. ಮೊದಮೊದಲು ಅದು ಸೂಜಿಯ ಕಡೆ ಹೋಗುತ್ತಿದ್ದ ಕೈ. ಈಗ ಒಂದು ಬೆರಳು ಮಾಳಿಗೆಯ ಕಡೆ ಎದ್ದು, ಆ ದಪ್ಪ ಕಂಠದವನು ಇಳಿಯುವ ತನಕ ಅಲ್ಲೇ ನಿಲ್ಲುತ್ತದೆ.