ಪರೀಕ್ಷೆಯ ಹಾಳೆ

ಶವದ ಪೆಟ್ಟಿಗೆ ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಮೇಡಂ, ಮಕ್ಕಳ ವಾರ್ಡಿಂದ. ನಮ್ಮ ಪ್ರಿಂಟರಲ್ಲಿ ಗಂಡಸರ ವಾರ್ಡಿನ ಔಷಧಿ ಚೀಟಿ ಬರ್ತಿದೆ. ನಿಲ್ತಾನೇ ಇಲ್ಲ!"

"ಯಾವುದನ್ನೂ ಬಾಟ್ಲಿಗೆ ಅಂಟಿಸಬೇಡಿ."

ಆ ಕಡೆ ನರ್ಸಮ್ಮ ಬಾಟ್ಲಿಗಳನ್ನು ತಡಕಾಡಿದ ಸದ್ದು ಕೇಳಿಸಿತು. "ಮೂರು ಅಂಟಿಸಿಬಿಟ್ಟಿದ್ದಾರೆ. ಹಾಸಿಗೆ ನಂಬರ್ ಒಂದೇ ಅಲ್ವಾ, ಹೆಸರು ನೋಡಿಲ್ಲ."

"ಆ ಮೂರನ್ನೂ ಹುಡುಕಿ, ಕೊಟ್ಟಿದ್ರೆ ನಿಲ್ಲಿಸಿ," ಎಂದಳು. ಪೆಟ್ಟಿಗೆಯಲ್ಲಿ ಮಲಗಿದ್ದವರು ಆಸ್ಪತ್ರೆಯ ಇನ್ನೂರು ಪ್ರಿಂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ, ಎಲ್ಲರ ಬಾಯಲ್ಲೂ 'ಪ್ರಿಂಟರ್ ಮಾವ' ಆಗಿದ್ದ ಹಿರಿಯರು. ಅವಳು ಎಂಟು ವರ್ಷ ಅವರ ಕೈಕೆಳಗೆ ಪಳಗಿದವಳು. ಬೆಳಗ್ಗೆ ಇಲ್ಲಿಗೆ ಹೊರಡುವ ಗಡಿಬಿಡಿಯಲ್ಲಿ, ಅಳುತ್ತಲೇ, ಗಂಡಸರ ವಾರ್ಡಿನ ಹೊಸ ಪ್ರಿಂಟರ್‌ಗೆ ನೆಟ್‌ವರ್ಕ್ ವಿಳಾಸದ ಅಂಕಿ ಕೊಟ್ಟು, ಒಂದು ಹಾಳೆಯನ್ನೂ ತೆಗೆದು ನೋಡದೆ ಎದ್ದು ಬಂದಿದ್ದಳು.

"ಅತ್ತೆ, ಮಾವನ ಕಂಪ್ಯೂಟರ್ ಬೇಕು. ಈಗಲೇ," ಎಂದು ಮಾವನ ಹೆಂಡತಿಯನ್ನು ಕೇಳಿದಳು.

"ಹೆಣ ಎತ್ತೋ ಹೊತ್ತಲ್ಲಿ ಇದೇನಮ್ಮ ನಿಂದು?" ಎಂದು ಮಾವನ ತಮ್ಮ ರೇಗಿದರು.

ಅತ್ತೆ ಅವಳ ಮುಖವನ್ನೊಮ್ಮೆ ನೋಡಿದರು. "ಅವರಿಗೇನೂ ಅವಸರ ಇಲ್ಲ. ಪೆಟ್ಟಿಗೆ ಕೆಳಗಿಡಿ," ಎಂದರು.

*

ಇನ್ನೂರು ಪ್ರಿಂಟರ್‌ಗಳ ವಿಳಾಸವನ್ನು ಒಂದೇ ಏಟಿಗೆ ಬದಲಿಸುವ ಪ್ರೋಗ್ರಾಮನ್ನು ಮಾವನೇ ಬರೆದಿದ್ದರು. ಆದರೂ ದಿನಾ ಬೆಳಗ್ಗೆ ಮಹಡಿ ಮಹಡಿ ಹತ್ತಿ, ಒಂದೊಂದು ಪ್ರಿಂಟರಿನ ಮುಂದೂ ನಿಂತು ಪರೀಕ್ಷೆಯ ಹಾಳೆ ತೆಗೆಯುತ್ತಿದ್ದರು.

"ಪ್ರೋಗ್ರಾಮು ಎಲ್ಲಾ ಸರಿ ಅಂತಿದೆಯಲ್ಲ ಮಾವ! ಕಾಲು ಬಿಟ್ಟಿ ಸಿಕ್ಕಿದ್ಯಾ ನಿಮಗೆ?" ಎಂದು ಅವಳು ನಕ್ಕಿದ್ದಳು.

"ಹಾಳೆ ಹೋಯ್ತು ಅಂತ ಅದಕ್ಕೆ ಗೊತ್ತು. ಯಾರ ಕೈಗೆ ಹೋಯ್ತು ಅಂತ ಗೊತ್ತಿಲ್ಲ ಕಣಮ್ಮ." ಅವರು ನಗಲಿಲ್ಲ. "ನಂಗೆ ಹೆದರಿಕೆ. ಮೂವತ್ತು ವರ್ಷದಿಂದ ದಿನಾ ಹೆದರಿಕೆ."

ಅಂಥ ಮನುಷ್ಯನಿಗೆ ಇಷ್ಟು ಪುಕ್ಕಲುತನವೇ ಎಂದು ಆಗ ಅವಳಿಗೆ ಅನಿಸಿತ್ತು.

*

ಈಗ ಅವಳು ಮಾವನ ಕಂಪ್ಯೂಟರಿನ ಮುಂದೆ ಕುಳಿತಳು. ಮೊದಲು ಗಂಡಸರ ವಾರ್ಡಿನ ಪ್ರಿಂಟಿನ ಸರತಿ ತಡೆದಳು. ಕಾದಿದ್ದ ಚೀಟಿಗಳೆಲ್ಲ ನಿಂತವು. ಆಮೇಲೆ ವಿಳಾಸ ನೋಡಿದಳು. ಎಪ್ಪತ್ತನಾಲ್ಕು ಇರಬೇಕಾದಲ್ಲಿ ನಲವತ್ತೇಳು. ನಲವತ್ತೇಳು ಮಕ್ಕಳ ವಾರ್ಡು.

"ನಾನೇ," ಎಂದಳು. "ನಾನೇ ಅತ್ತೆ, ಅಂಕಿ ತಿರುಗಾಮುರುಗಾ ಹೊಡೆದಿದ್ದು."

"ಮೊದಲು ಸರಿಮಾಡು. ಆಮೇಲೆ ಅಳು."

ಸರಿಯಾದ ವಿಳಾಸ ಕೊಟ್ಟು ಸರತಿಯನ್ನು ಅದಕ್ಕೆ ಜೋಡಿಸಿದಳು. ಪರೀಕ್ಷೆಯ ಹಾಳೆ ಕಳಿಸಿ, ಗಂಡಸರ ವಾರ್ಡಿಗೆ ಫೋನು ಹಚ್ಚಿ, ಅದು ಕೈಗೆ ಬಂತೆಂದು ಬಾಯಿಬಿಟ್ಟು ಹೇಳಿಸಿಕೊಂಡಳು. ಅಷ್ಟರಲ್ಲಿ ಮಕ್ಕಳ ವಾರ್ಡಿನ ಕರೆ ಮತ್ತೆ ಬಂತು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು. ಬಾಗಿಲಲ್ಲಿ ಜನ ಗುಂಪುಗೂಡಿದ್ದರು.

"ಎರಡನೇ ಹಾಸಿಗೆ, ಔಷಧಿ ಕೊಟ್ಟಿಲ್ಲ. ಒಂಬತ್ತು, ಕೊಟ್ಟಿಲ್ಲ." ನರ್ಸಮ್ಮ ಏದುಸಿರು ಬಿಡುತ್ತಿದ್ದಳು. "ನಾಲ್ಕು... ಮೇಡಂ, ಡ್ರಿಪ್ ಹಾಕಿಬಿಟ್ಟಿದ್ರು. ಕಿತ್ತಿದ್ದೀನಿ. ಡಾಕ್ಟರು ನೋಡ್ತಿದ್ದಾರೆ. ಮಗು ಕಣ್ಣು ಬಿಡ್ತಿಲ್ಲ."

ಹೊರಗೆ ಶವದ ಗಾಡಿಯ ಚಾಲಕ ಇಂಜಿನ್ ಆರಿಸಿದ. ಮಾವನ ತಮ್ಮ ಹತ್ತಿರ ಬಂದು ಫೋನಿನ ಕಡೆ ಬಗ್ಗಿದರು. ಫೋನಿನಲ್ಲಿ ಯಾರೋ ಓಡಿದ ಸದ್ದು, ಕಬ್ಬಿಣದ ಸ್ಟೂಲು ಉರುಳಿದ ಸದ್ದು, ಆಮೇಲೆ ಏನೂ ಇಲ್ಲ.

ಕೊನೆಗೆ ಸಣ್ಣಗೆ ಒಂದು ನರಳಿಕೆ. ಹಿಂದೆಯೇ ಕಿಟಾರನೆ ಅಳು.

"ಎದ್ದ ಮೇಡಂ! ಹೆಚ್ಚು ಒಳಗೆ ಹೋಗಿಲ್ವಂತೆ. ಭಯ ಇಲ್ಲ ಅಂದ್ರು. ಅಳು ಜಾಸ್ತಿ, ಫೋನ್ ಇಡ್ತೀನಿ..."

"ಇಡಬೇಡಮ್ಮ," ಎಂದರು ಅತ್ತೆ.

ಅವರು ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪೆಟ್ಟಿಗೆಯ ಬಳಿ ಹೋಗಿ, ಮಾವನ ತಲೆಯ ಕಡೆ ಕುಳಿತರು. ಸಾವಿನ ಮನೆಯ ತುಂಬ ಆ ಮಗು ಅಳುತ್ತಲೇ ಇತ್ತು.