ಟಿಕೆಟ್ ಇಲ್ಲದ ಹೂಗಳು

ಹಿತ್ತಲಲ್ಲಿ ಕುಂಬಳದ ಬಳ್ಳಿ ಹಬ್ಬಿದೆ. ಎಲೆ ನೋಡಿದರೆ ಮೊರದಗಲ. ಹೂವೂ ಬಿಡುತ್ತದೆ. ಕಾಯಿ ಮಾತ್ರ ನಿಲ್ಲುವುದಿಲ್ಲ. ಹೆಬ್ಬೆರಳು ಗಾತ್ರದ ಹೀಚು ಕಾಣಿಸಿತು ಎನ್ನುವಷ್ಟರಲ್ಲಿ ಅದರ ತುದಿ ಹಳದಿಯಾಗಿ, ಮೆತ್ತಗಾಗಿ, ಉದುರಿ ಬೀಳುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಆಗಿದೆಯೇ? ಹಾಗಾದರೆ ನಮ್ಮ ಬೀದಿಯ ಕೊನೆಯ ಮನೆಯ ಕಂಡಕ್ಟರ ಕಥೆ ಕೇಳಿ.

ಕಂಡಕ್ಟರು ಕೆಲಸದಿಂದ ನಿವೃತ್ತರಾಗಿದ್ದಾರೆ. ಆದರೂ ಬೀದಿಯಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆಯುವವರಿಲ್ಲ. ತಮ್ಮ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಒಂದು ನೊಣವೂ ಪ್ರಯಾಣ ಮಾಡಿರಲಿಲ್ಲ ಎಂಬುದು ಅವರ ಹೆಮ್ಮೆ. ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಮಂಕಾಗಿಬಿಟ್ಟರು. ಬೆಳಗಿನಿಂದ ಸಂಜೆವರೆಗೆ ಜನರ ಜತೆ ಮಾತಾಡಿಕೊಂಡೇ ಬದುಕಿದವರು ಮನೆಯಲ್ಲಿ ಗೋಡೆ ನೋಡುತ್ತ ಕೂತರು. ಕೇಳಿದ್ದಕ್ಕೆ "ಹೂಂ", ಬಡಿಸಿದ್ದಕ್ಕೆ "ಸಾಕು". ಹೆಂಡತಿಗೆ ಹೆದರಿಕೆಯಾಯಿತು. ಆಕೆಯ ಬಾಲ್ಯದ ಗೆಳತಿಯೊಬ್ಬರು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಎಲ್ಲರಿಗೂ ಅವರು ನರ್ಸಮ್ಮ. ತಾರಸಿಯ ಮೇಲೆ ತರಕಾರಿ ಬೆಳೆಯುವ ಹುಚ್ಚು ಅವರಿಗೆ. ಒಂದು ಹಿಡಿ ಕುಂಬಳದ ಬೀಜ ಕೊಟ್ಟು, "ಇದನ್ನ ಭಾವನ ಕೈಗೆ ಕೊಟ್ಟು ನೋಡೇ" ಎಂದರು.

ಬೀಜ ಮೊಳೆಯಿತು. ಬೀಜದ ಜತೆ ಕಂಡಕ್ಟರೂ ಚಿಗುರಿದರು. ಎದ್ದ ಕೂಡಲೇ ಹಿತ್ತಲು. ಬಳ್ಳಿಗೆ ಬೈಯುವುದು, ಬಳ್ಳಿಯನ್ನು ಮುದ್ದು ಮಾಡುವುದು, ಬೇಲಿಯ ಮೇಲಿಂದ ಪಕ್ಕದ ಮನೆಯವರಿಗೆ ವರದಿ ಒಪ್ಪಿಸುವುದು. ಹೆಂಡತಿ ಒಳಗೆ ತರಕಾರಿ ಹೆಚ್ಚುತ್ತ, ಗಂಡನ ದನಿ ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ತಕರಾರು ಮಗನದು. ಅವನು ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದವನು. ಹಿತ್ತಲ ಕೆಸರಿನಲ್ಲಿ ಅವನ ಗಾಡಿ ಎರಡು ಸಲ ಜಾರಿ ಬಿದ್ದಿತ್ತು.

"ಅಪ್ಪ, ಕಾಯಿ ಕೊಡದ ಬಳ್ಳಿಗೆ ಇಷ್ಟು ಜಾಗ ಯಾಕೆ? ಮುಂದಿನ ಭಾನುವಾರ ಗಾರೆ ಮೇಸ್ತ್ರಿ ಬರ್ತಾರೆ. ಪೂರ್ತಿ ಸಿಮೆಂಟ್ ಹಾಕಿಸಿಬಿಡ್ತೀನಿ."

"ಕಾಯಿ ಬರುತ್ತೆ ಕಣೋ!"

"ಅಷ್ಟರೊಳಗೆ ಒಂದೇ ಒಂದು ಕಾಯಿ ನಿಲ್ಲಲಿ, ಆಮೇಲೆ ನಾನು ಬಾಯಿ ಬಿಟ್ಟರೆ ಕೇಳು."

ಮಗ ಗಾಡಿ ಹತ್ತಿ ಹೋದ. ಕಂಡಕ್ಟರು ಹೆಂಡತಿಯ ಕಡೆ ತಿರುಗಿದರು. "ಬೀಜವೇ ಸರಿ ಇಲ್ಲ. ನಿನ್ನ ಗೆಳತಿ ಕೊಟ್ಟಿದ್ದು ಗೊಡ್ಡು ಬೀಜ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಇದನ್ನು ಕಂಡಕ್ಟರ ಎದುರು ಹೇಳುವವರು ಯಾರು? ಹೆಂಡತಿ ಸುಮ್ಮನೆ ಗೆಳತಿಗೆ ಫೋನ್ ಮಾಡಿದರು.

ಸಂಜೆ ಕೆಲಸ ಮುಗಿಸಿಕೊಂಡು ನರ್ಸಮ್ಮ ಬಂದೇ ಬಂದರು. ಕೈಚೀಲ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ನೇರವಾಗಿ ಬಳ್ಳಿಯ ಬುಡಕ್ಕೆ ಕೂತರು.

"ಇದೇನು ಭಾವ, ಒಂದೇ ಗುಂಡಿಯಲ್ಲಿ ಇಷ್ಟೊಂದು ಬಳ್ಳಿ?"

"ಹುಟ್ಟಿದ್ದನ್ನ ಕೀಳೋಕೆ ಮನಸ್ಸು ಬರಲಿಲ್ಲ. ಜಾಗ ಮಾಡ್ಕೊಂಡರೆ ಜಾಗ ಆಗುತ್ತೆ. 'ಒಳಗೆ ಹೋಗಿ, ಒಳಗೆ ಹೋಗಿ' ಅಂತ ಜನ್ಮವಿಡೀ ಹೇಳಿದವನು ನಾನು."

"ಬಸ್ಸಲ್ಲಾದರೆ ಮುಂದಿನ ಸ್ಟಾಪಲ್ಲಿ ನಾಲ್ಕು ಜನ ಇಳೀತಾರೆ. ಪಾಪ, ಇವು ಎಲ್ಲಿ ಇಳೀಬೇಕು?" ಎಂದರು ನರ್ಸಮ್ಮ. "ಇರೋ ನೀರು, ಇರೋ ಸಾರಕ್ಕೆ ಎಲ್ಲ ಕಿತ್ತಾಡ್ತಿವೆ. ಗಟ್ಟಿಮುಟ್ಟಾದ ಎರಡು ಇಟ್ಕೊಳ್ಳಿ. ಉಳಿದದ್ದನ್ನ ಎಳೀಬೇಡಿ, ಬೇರು ಹೆಣೆದುಕೊಂಡಿರುತ್ತೆ. ಬುಡದಲ್ಲಿ ಕತ್ತರಿಸಿಬಿಡಿ. ಗೊಬ್ಬರ ಏನು ಹಾಕ್ತೀರಿ?"

"ಯೂರಿಯಾ. ವಾರ ವಾರ ಒಂದೊಂದು ಮುಷ್ಟಿ."

"ಅದಕ್ಕೇ ಎಲೆ ಈ ಪಾಟಿ ಕೊಬ್ಬಿರೋದು! ಅದು ಸೊಪ್ಪು ಬೆಳೆಸುತ್ತೆ, ಕಾಯಿ ಬೆಳೆಸಲ್ಲ. ನಿಲ್ಲಿಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸ್ವಲ್ಪ ಹಾಕಿ, ಸಾಕು." ಅವರು ಒಂದು ಎಲೆಯನ್ನು ತಿರುಗಿಸಿ ಬೆರಳಿನಿಂದ ಒರೆಸಿದರು. ಬೆರಳಿಗೆ ಬಿಳಿ ಪುಡಿ ಅಂಟಿತು. "ಬಳ್ಳಿ ಒತ್ತೊತ್ತಾಗಿ ಗಾಳಿ ಆಡದೆ ಇದ್ದರೆ ಈ ಬೂದಿರೋಗ ಬರುತ್ತೆ. ಹಿಡಿದಿರೋ ಎಲೆ ತೆಗೆದುಹಾಕಿ. ನೀರು ಯಾವಾಗ ಬಿಡ್ತೀರಿ?"

"ಸಂಜೆ. ಪೈಪ್ ಹಿಡಿದು ಮೇಲಿಂದ ಚೆನ್ನಾಗಿ ಸ್ನಾನ ಮಾಡಿಸ್ತೀನಿ."

"ಸ್ನಾನ ನೀವು ಮಾಡಿ ಭಾವ. ಅದಕ್ಕೆ ಬೆಳಗ್ಗೆ ಹೊತ್ತು ಬುಡಕ್ಕೆ ಕುಡಿಸಿ, ಆಳಕ್ಕೆ ಇಳಿಯೋ ಹಾಗೆ."

ಕಂಡಕ್ಟರ ಮುಖ ಸಣ್ಣದಾಯಿತು. ಆದರೆ ನರ್ಸಮ್ಮನ ತಪಾಸಣೆ ಇನ್ನೂ ಮುಗಿದಿರಲಿಲ್ಲ. ಬಳ್ಳಿಯ ತುದಿಯಿಂದ ಬುಡದವರೆಗೆ ಎಲೆ ಸರಿಸಿ ಸರಿಸಿ ನೋಡಿದರು. ಮುದುಡಿದ ಹೂವಿದ್ದರೆ ಅದರ ಹಿಂದೊಂದು ಹೀಚು. ನಾಳೆ ಅರಳುವ ಮೊಗ್ಗಿದ್ದರೆ ಅದರ ಹಿಂದೆಯೂ ಹೀಚು. ಹೀಚಿಲ್ಲದ ಹೂವು ಒಂದೂ ಇಲ್ಲ.

"ಇಲ್ಲಿ ಹೂವು ಕೀಳ್ತಿರೋದು ಯಾರು?" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಂಡಕ್ಟರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ, ತಪ್ಪೇನಿದೆ ಎಂಬಂತೆ ಎದೆ ಸೆಟೆಸಿದರು. "ನಾನೇ. ಕಾಯಿ ಹಿಡಿದುಕೊಂಡು ಬರೋ ಹೂವು ಟಿಕೆಟ್ ತಗೊಂಡ ಹಾಗೆ. ಬರೀ ಉದ್ದ ಕಾಲು ಚಾಚಿಕೊಂಡು ಬರೋ ಹೂವುಗಳಿವೆಯಲ್ಲ, ಹಿಂದೆ ಮುಂದೆ ಏನೂ ಇಲ್ಲ, ಬಿಟ್ಟಿ ಪ್ರಯಾಣಿಕರು! ಬಳ್ಳಿಯ ಸಾರ ಸುಮ್ಮನೆ ಕುಡೀತವೆ. ಬೆಳಗಾಗೋದರೊಳಗೆ ಎಲ್ಲವನ್ನೂ ಇಳಿಸಿಬಿಡ್ತೀನಿ."

"ನಾನೇ ಬುಟ್ಟಿ ಹಿಡ್ಕೊಂಡು ನಿಂತಿರ್ತೀನಿ ಕಣೇ" ಎಂದರು ಹೆಂಡತಿ.

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಯ್ಯೋ ಭಾವ! ಗಂಡಂದಿರನ್ನೆಲ್ಲ ಬಸ್ಸಿಂದ ಇಳಿಸಿಬಿಟ್ಟು, ಮಗು ಯಾಕಾಗಲಿಲ್ಲ ಅಂತ ನನ್ನ ಬೀಜಕ್ಕೆ ಬೈತಿದ್ದೀರಲ್ಲ!"

"ಅಂದರೆ?"

"ಆ ಉದ್ದ ಕಾಲಿನವು ಗಂಡು ಹೂ. ಹೀಚಿರೋದು ಹೆಣ್ಣು ಹೂ. ಗಂಡು ಹೂವಿನ ಹಳದಿ ಪುಡಿ ಹೆಣ್ಣು ಹೂವಿಗೆ ತಲುಪಿದರೇನೇ ಹೀಚು ಕಾಯಾಗೋದು. ಜೇನು ಬಂದು ತಲುಪಿಸುತ್ತೆ. ಗಂಡು ಹೂವೇ ಇಲ್ಲದಿದ್ದರೆ ಜೇನು ತಾನೇ ಏನು ಹೊತ್ತು ತರುತ್ತೆ? ಬಳ್ಳಿ ಎಳೇದಾಗಿರುವಾಗ ಮೊದಲು ಬರೀ ಗಂಡೇ ಬರುತ್ತೆ, ಹೆಣ್ಣು ಆಮೇಲೆ. ಅದನ್ನ ನೋಡಿ ಜನ ಗಾಬರಿಯಾಗ್ತಾರೆ, ಅಷ್ಟೆ."

"ಗಿಡಕ್ಕೂ ಗಂಡು ಹೆಣ್ಣು! ನಿನ್ನ ಆಸ್ಪತ್ರೆ ಕಥೆ ನನ್ನ ಹಿತ್ತಲಿಗೆ ತರಬೇಡ ನರ್ಸಮ್ಮ."

"ಇದೇ ಹಣ್ಣಿನ ಬೀಜ ನನ್ನ ತಾರಸಿ ಮೇಲೂ ಇದೆ. ಕಣ್ಣಾರೆ ಬಂದು ನೋಡಿ. ಬೆಳಗ್ಗೆ ಬೇಗ ಬನ್ನಿ, ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತೆ."

ನರ್ಸಮ್ಮ ಹೋದ ಮೇಲೆ ಕಂಡಕ್ಟರು ಒಳಗೆ ಬಂದು ಮತ್ತೆ ಗೋಡೆ ಕಡೆ ಮುಖ ಮಾಡಿ ಕೂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸಿಗೆ ನಾಲ್ಕನೆಯ ಕಾಲು ಕಂಡುಬಿಟ್ಟರೆ ಹೀಗೇ ಆಗುವುದು. ಹೆಂಡತಿ ಬಂದು ಎದುರಿಗೆ ಕೂತರು.

"ರೀ, ಕುಂಬಳಕಾಯಿ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತೆ. ಅದು ಬರದಿದ್ದರೆ ನನಗೇನೂ ಇಲ್ಲ. ಆದರೆ ಹಿತ್ತಲಿಗೆ ಸಿಮೆಂಟ್ ಬಿದ್ದರೆ ನೀವು ಮತ್ತೆ ಹೀಗೇ ಕೂತುಬಿಡ್ತೀರಿ. ಅದನ್ನ ನೋಡೋ ಶಕ್ತಿ ನನಗಿಲ್ಲ."

ಕಂಡಕ್ಟರು ಮರುದಿನ ಮೊದಲ ಬಸ್ಸು ಹತ್ತಿದರು.

ನರ್ಸಮ್ಮನ ತಾರಸಿಯ ಮೇಲೆ ದೊಡ್ಡ ಟಬ್ಬುಗಳಲ್ಲಿ ಒಂದೊಂದೇ ಬಳ್ಳಿ. ಚಪ್ಪರದಿಂದ ಕುಂಬಳಕಾಯಿಗಳು ಇಳಿಬಿದ್ದಿದ್ದವು. ಗಂಡು ಹೂವಿನೊಳಗೆ ಹೊರಳಾಡಿದ ಜೇನೊಂದು ಮೈಯೆಲ್ಲ ಹಳದಿ ಮಾಡಿಕೊಂಡು ಎದ್ದು, ಪಕ್ಕದ ಹೆಣ್ಣು ಹೂವಿಗೆ ನುಗ್ಗಿತು. ಕಂಡಕ್ಟರು ಬಾಯಿ ಬಿಟ್ಟುಕೊಂಡು ನೋಡಿದರು. ಇಷ್ಟು ವರ್ಷ ಬದುಕಿದ್ದರೂ ಇದನ್ನು ನೋಡಿರಲಿಲ್ಲ.

"ಅಯ್ಯೋ, ನಾನು ಮಾಡಿದ್ದು ಅನ್ಯಾಯ ನರ್ಸಮ್ಮ. ನಿನ್ನೆಯದೂ ಕಿತ್ತೆ, ಸಣ್ಣ ಮೊಗ್ಗನ್ನೂ ಚಿವುಟಿದೆ. ಇನ್ನು ನಮ್ಮಲ್ಲಿ ಗಂಡು ಹೂ ಬರೋದು ಯಾವಾಗ, ಕಾಯಿ ಕಚ್ಚೋದು ಯಾವಾಗ? ಭಾನುವಾರ ಬಂದೇಬಿಡುತ್ತೆ."

"ಅದಕ್ಯಾಕೆ ಚಿಂತೆ? ನನ್ನ ಮನೆ ಗಂಡು, ನಿಮ್ಮ ಮನೆ ಹೆಣ್ಣು. ಸಂಬಂಧ ಮಾಡೋಣ!" ಆಗಷ್ಟೇ ಅರಳಿದ ಎರಡು ಗಂಡು ಹೂವುಗಳನ್ನು ತೊಟ್ಟಿನ ಸಮೇತ ಕತ್ತರಿಸಿ, ಊಟದ ಡಬ್ಬಿಯಲ್ಲಿ ಮೆತ್ತಗೆ ಇಟ್ಟುಕೊಟ್ಟರು.

ವಾಪಸು ಬಸ್ಸಿನಲ್ಲಿ ಕಂಡಕ್ಟರು ಡಬ್ಬಿಯನ್ನು ಎಳೆಗೂಸಿನ ಹಾಗೆ ಎದೆಗೊತ್ತಿಕೊಂಡು ಕೂತರು. ಟಿಕೆಟ್ ಕೊಡಲು ಬಂದ ಹುಡುಗಿ ಅವರ ಕೈಕೆಳಗೇ ಕೆಲಸ ಕಲಿತವಳು.

"ಏನು ಸರ್, ಡಬ್ಬಿಯಲ್ಲಿ ಅಷ್ಟು ಜೋಪಾನ?"

"ಗಂಡು."

"ಯಾರಿಗೆ ಸರ್?"

"ನಮ್ಮ ಹಿತ್ತಲಲ್ಲಿ ಕಾಯ್ತಾ ಕೂತಿದೆಯಮ್ಮ, ಅದಕ್ಕೆ. ಸ್ವಲ್ಪ ಬೇಗ ಬಿಡೋಕೆ ಹೇಳು, ಬಿಸಿಲೇರ್ತಿದೆ!"

ಇಡೀ ಬಸ್ಸು ನಕ್ಕಿತು. ಕಂಡಕ್ಟರೂ ನಕ್ಕರು.

ಮನೆಗೆ ಬಂದವರೇ, ನರ್ಸಮ್ಮ ಹೇಳಿಕೊಟ್ಟಂತೆ ಗಂಡು ಹೂವಿನ ಎಸಳು ಬಿಡಿಸಿದರು. ನಡುವಿನ ದಂಟಿನ ಹಳದಿ ಪುಡಿಯನ್ನು, ಅಂದು ಅರಳಿದ್ದ ಎರಡು ಹೆಣ್ಣು ಹೂವುಗಳ ನಡುಭಾಗಕ್ಕೆ ಮೃದುವಾಗಿ ಸವರಿದರು. ಆಮೇಲೆ ಕತ್ತರಿ ತಂದು, ಸೊರಗಿದ ಬಳ್ಳಿಗಳನ್ನು ಬುಡದಲ್ಲಿ ಕತ್ತರಿಸಿದರು. ಬುಡಕ್ಕೆ ಒಣ ಎಲೆ ಹೊದಿಸಿದರು. ಯೂರಿಯಾ ಡಬ್ಬ ಅಟ್ಟ ಸೇರಿತು.

ಎರಡರಲ್ಲಿ ಒಂದು ಹೀಚು ಕೆಲವೇ ದಿನದಲ್ಲಿ ಹಳದಿಯಾಗಿ ಬಿತ್ತು. ಕಂಡಕ್ಟರಿಗೆ ಅಂದು ಊಟ ಸೇರಲಿಲ್ಲ. ಇನ್ನೊಂದನ್ನು ಮುಟ್ಟಲೂ ಹೆದರಿ ದೂರದಿಂದಲೇ ನೋಡಿದರು. ಅದು ಹಸಿರಾಗಿಯೇ ಉಳಿಯಿತು. ಹೆಬ್ಬೆರಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು, ಆಮೇಲೆ ಮುಷ್ಟಿಯಷ್ಟಾಯಿತು.

ಭಾನುವಾರ ಗಾರೆ ಮೇಸ್ತ್ರಿ ಮರಳು, ಸಿಮೆಂಟಿನ ಜತೆ ಬಂದರು. ಮಗ ಹಿತ್ತಲಿಗೆ ಬಂದು, ಮೊಣಕಾಲೂರಿ, ಎಲೆ ಸರಿಸಿ ನೋಡಿದ.

"ಇದು ಬೀಳಲ್ವಾ ಅಪ್ಪ?"

"ಇಷ್ಟು ದಪ್ಪ ಆದ ಮೇಲೆ ಸುಮ್ಮನೆ ಬೀಳಲ್ಲ ಕಣೋ. ನೋಡು, ನಮ್ಮ ಬಳ್ಳಿಯಲ್ಲೇ ಗಂಡು ಮೊಗ್ಗು ಬಂದಿದೆ. ನಾಳೆ ಅರಳುತ್ತೆ."

ಮಗ ಎದ್ದು ಮೇಸ್ತ್ರಿಗೆ ಹೇಳಿದ: "ಬಾಗಿಲಿಂದ ಈ ಕಲ್ಲಿನವರೆಗೆ ಹಾಕಿ ಸಾಕು, ಗಾಡಿ ನಿಲ್ಲುತ್ತೆ. ಆಚೆ ಕಡೆ ನಮ್ಮಪ್ಪಂದು."

ಮೇಸ್ತ್ರಿ ಕರಣೆ ಹಿಡಿದವರು ಬಳ್ಳಿಯ ಕಡೆ ನೋಡಿ, "ನಮ್ಮನೇಲೂ ಹೀಚೆಲ್ಲ ಉದುರ್ತವೆ ಸ್ವಾಮಿ, ಏನು ಮಾಡಬೇಕೋ" ಅಂದುಬಿಟ್ಟರು. ಅಷ್ಟು ಸಾಕಾಯಿತು. ಕಂಡಕ್ಟರು ಅವರನ್ನು ಅಲ್ಲೇ ಕಲ್ಲಿನ ಮೇಲೆ ಕೂರಿಸಿ, ಗಂಡು ಹೂವು ಯಾವುದು, ಹೆಣ್ಣು ಹೂವು ಯಾವುದು ಎಂದು ಶುರು ಮಾಡಿದರು. ಕಲಸಿದ ಸಿಮೆಂಟು ಗಟ್ಟಿಯಾಗುತ್ತ ಬಂತು. "ಅಪ್ಪ, ಅವರನ್ನ ಬಿಡು!" ಎಂದು ಮಗ ಕೂಗಿದ. ಒಳಗೆ ಹೆಂಡತಿ ಒಲೆಯ ಮುಂದೆ ನಿಂತು, ನಿಲ್ಲದ ಆ ಮಾತನ್ನು ಕೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಅಷ್ಟು ಸಂತೋಷವಾಗಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕುಂಬಳ, ಸೌತೆಯಂತೆ ಕಾಣುವ ಜುಕಿನಿ ಕಾಯಿ ಕಚ್ಚದಿದ್ದರೆ ಬೀಜಕ್ಕೆ ಬೈಯಬೇಡಿ, ಬಳ್ಳಿ ಕೀಳಬೇಡಿ. ಅರ್ಧ ದಿನವಾದರೂ ಅದಕ್ಕೆ ಬಿಸಿಲು ಸಿಗುತ್ತಿದೆಯೇ, ಬುಡದಲ್ಲಿ ನೂಕುನುಗ್ಗಲಿದೆಯೇ, ನೀರು ಬೇರಿಗೆ ಹೋಗುತ್ತಿದೆಯೇ ನೋಡಿ. ಹೂವು ಅರಳಿರುವ ಹೊತ್ತಿನಲ್ಲಿ ಔಷಧಿ ಸಿಂಪಡಿಸಿ ಜೇನನ್ನು ಕೊಲ್ಲಬೇಡಿ. ಜೇನು ಬರದಿದ್ದರೆ ನೀವೇ ಬೆಳಗ್ಗೆ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರಿ. ಸೋರೆಯಾದರೆ ಸಂಜೆ ಸವರಿ, ಅದರ ಹೂವು ಅರಳುವುದು ಆಗಲೇ. ಜುಕಿನಿಯನ್ನು ಎಳೆಯದಾಗಿರುವಾಗಲೇ ಕೊಯ್ಯಿರಿ, ಇನ್ನಷ್ಟು ಬಿಡುತ್ತದೆ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಿಮಗೆ ಗೊತ್ತಾದದ್ದನ್ನು ಪಕ್ಕದ ಮನೆಯವರಿಗೂ ಹೇಳಿ. ಅಲ್ಲೂ ಯಾರೋ ಒಬ್ಬರು ಒಂದು ಕಾಯಿಗಾಗಿ ಕಾಯುತ್ತ ಕೂತಿರಬಹುದು.